ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆ: ಆಡಳಿತ ಮತ್ತು ವಿದ್ಯಾರ್ಥಿ ನೆರವು

ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠದ ಸುತ್ತ ನಡೆಯುವ ಕೆಲಸಗಳನ್ನು ಕಂಪ್ಯೂಟರಿಗೆ ಒಪ್ಪಿಸುವ ಕ್ರಮ. ದಾಖಲಾತಿ, ಹಾಜರಾತಿ, ವೇಳಾಪಟ್ಟಿ, ಪರೀಕ್ಷೆ, ಶುಲ್ಕ, ವಿದ್ಯಾರ್ಥಿವೇತನ ಇವು ಒಂದು ಕಡೆ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡುವುದು, ಹಿಂದೆ ಬಿದ್ದವರನ್ನು ಗುರುತಿಸುವುದು, ಕಲಿಕೆಯಲ್ಲಿ ಕೈಹಿಡಿಯುವುದು ಇನ್ನೊಂದು ಕಡೆ. ಈಗ ಎಲ್ಲಕ್ಕೂ ಕೃತಕ ಬುದ್ಧಿಮತ್ತೆ ಎಂಬ ಒಂದೇ ಹೆಸರು ಅಂಟಿಕೊಂಡಿದ್ದರೂ ಒಳಗಿನ ಕಾರ್ಯವಿಧಾನ ಒಂದೇ ಅಲ್ಲ.

ಒಂದು ಬಗೆಯ ತಂತ್ರಾಂಶ ಬರೆದಿಟ್ಟ ನಿಯಮದಂತೆ ನಡೆಯುತ್ತದೆ. ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಅಂಥದ್ದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ತುಂಬಿದರೆ ಕಂದಾಯ ಇಲಾಖೆಯ ದತ್ತಾಂಶದೊಂದಿಗೆ ಅದು ತಾನಾಗಿ ತಾಳೆಯಾಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯೂ ಹೀಗೆಯೇ. ರ‍್ಯಾಂಕ್, ಮೀಸಲಾತಿ, ಆಪ್ಷನ್ ಎಂಟ್ರಿಯಲ್ಲಿ ಕೊಟ್ಟ ಆದ್ಯತೆಯ ಸಾಲು, ಈ ಮೂರರಿಂದ ಸೀಟು ತೀರ್ಮಾನವಾಗುತ್ತದೆ. ಸೀಟು ಏಕೆ ತಪ್ಪಿತೆಂದು ಕೇಳಿದವರಿಗೆ ಲೆಕ್ಕ ತೋರಿಸಬಹುದು. ಎರಡನೆಯ ಬಗೆ ಯಂತ್ರಕಲಿಕೆಯದು. ಹಳೆಯ ಸಾವಿರಾರು ವಿದ್ಯಾರ್ಥಿಗಳ ದಾಖಲೆ ನೋಡಿ, ಇಂದಿನ ವಿದ್ಯಾರ್ಥಿಯ ಬಗ್ಗೆ ಅಂದಾಜು ಹೇಳುತ್ತದೆ. ಮೂರನೆಯದು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಮನೆಮಾತಾದ ಭಾಷಾ ಮಾದರಿ. ಅದು ಕೇಳಿದ ಪ್ರಶ್ನೆಗೆ ವಾಕ್ಯ ಕಟ್ಟಿ ಉತ್ತರಿಸುತ್ತದೆ, ಕೆಲವೊಮ್ಮೆ ಇಲ್ಲದ್ದನ್ನೂ ಇದೆಯೆಂಬಷ್ಟು ಧೈರ್ಯವಾಗಿ ಹೇಳುತ್ತದೆ. ಮಾರಲು ಬರುವವರು ಮೂರನ್ನೂ ಒಂದೇ ಚೀಲಕ್ಕೆ ಹಾಕಿ ತರುವುದರಿಂದ, ಕೊಳ್ಳುವ ಸಂಸ್ಥೆ ಮೊದಲು ಕೇಳಬೇಕಾದ್ದು ಇದು ಯಾವ ಬಗೆಯದು ಎಂದೇ.

ಹಿನ್ನೆಲೆ

ಯಂತ್ರ ಮೊದಲು ಕೈಯಿಟ್ಟದ್ದು ಅಂಕ ಎಣಿಸುವ ಕೆಲಸಕ್ಕೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪ್ರೌಢಶಾಲಾ ಶಿಕ್ಷಕರಾಗಿದ್ದ ರೆನಾಲ್ಡ್ ಜಾನ್ಸನ್, ಪೆನ್ಸಿಲಿನ ಗ್ರಾಫೈಟ್ ಗುರುತಿನ ಮೂಲಕ ವಿದ್ಯುತ್ ಹರಿಯುವುದನ್ನು ಬಳಸಿಕೊಂಡು ಸರಿಯುತ್ತರ ಎಣಿಸುವ ಯಂತ್ರ ರೂಪಿಸಿದರು. ಐಬಿಎಂ ಕಂಪನಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡು 1938ರಲ್ಲಿ ‘805’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 1950ರ ದಶಕದಲ್ಲಿ ಅಯೋವಾ ವಿಶ್ವವಿದ್ಯಾಲಯದ ಇ.ಎಫ್. ಲಿಂಡ್‌ಕ್ವಿಸ್ಟ್ ಬೆಳಕಿನಿಂದ ಗುರುತು ಓದುವ ಯಂತ್ರ ಕಟ್ಟಿದರು. ಇಂದು ಸಿಇಟಿ ಬರೆಯುವವರು ಕಪ್ಪು ಮಾಡುವ ಒಎಂಆರ್ ಹಾಳೆ ಆ ವಂಶದ್ದು.

ಪ್ರಬಂಧಕ್ಕೂ ಯಂತ್ರವೇ ಅಂಕ ಕೊಡಬಹುದೆಂದು 1966ರಲ್ಲಿ ವಾದಿಸಿದವರು ಎಲ್ಲಿಸ್ ಪೇಜ್. ಆಗ ಅದು ತಮಾಷೆಯೆನಿಸಿತು. 1999ರ ಹೊತ್ತಿಗೆ ಜಿಮ್ಯಾಟ್ ಪರೀಕ್ಷೆಯ ಪ್ರಬಂಧಗಳನ್ನು ಮನುಷ್ಯರ ಜೊತೆ ಇ-ರೇಟರ್ ಎಂಬ ತಂತ್ರಾಂಶವೂ ಓದತೊಡಗಿತ್ತು. ಪಾಠ ಹೇಳುವ ಕಂಪ್ಯೂಟರಿನ ಕಥೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ 1960ರಲ್ಲಿ ಆರಂಭಿಸಿದ ‘ಪ್ಲೇಟೊ’ ವ್ಯವಸ್ಥೆಯಿಂದ ಶುರುವಾಗುತ್ತದೆ. 1984ರಲ್ಲಿ ಬೆಂಜಮಿನ್ ಬ್ಲೂಮ್, ಒಬ್ಬ ವಿದ್ಯಾರ್ಥಿಗೆ ಒಬ್ಬ ಬೋಧಕ ಸಿಕ್ಕರೆ ಕಲಿಕೆ ತರಗತಿಯ ಸರಾಸರಿಗಿಂತ ಬಹಳ ಮೇಲೇರುತ್ತದೆ ಎಂದು ಬರೆದರು. ಅವರು ಹೇಳಿದಷ್ಟು ದೊಡ್ಡ ಅಂತರ ಮುಂದಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣಲಿಲ್ಲ. ಆದರೂ ಪ್ರತಿ ಮಗುವಿಗೆ ಒಬ್ಬ ಖಾಸಗಿ ಬೋಧಕ ಎಂಬ ಭರವಸೆಯ ಹಿಂದೆ ಇಂದಿಗೂ ಆ ಲೇಖನವೇ ನಿಂತಿದೆ.

ಆಡಳಿತದ ಕೆಲಸಗಳು

ಸ್ವಯಂಚಾಲನೆ ಸದ್ದಿಲ್ಲದೆ ಲಾಭ ತಂದಿರುವುದು ಇಲ್ಲಿ. ಕೊಠಡಿ, ಅಧ್ಯಾಪಕರು, ವಿಷಯ, ಪ್ರಯೋಗಾಲಯ ಯಾವುದೂ ಡಿಕ್ಕಿಯಾಗದಂತೆ ವೇಳಾಪಟ್ಟಿ ಹೆಣೆಯುವುದು, ಪರೀಕ್ಷಾ ಕೊಠಡಿಗೆ ನೋಂದಣಿ ಸಂಖ್ಯೆ ಹಂಚುವುದು, ಶುಲ್ಕ ಬಾಕಿಯ ಜ್ಞಾಪನ ಕಳಿಸುವುದು, ಸ್ಕ್ಯಾನ್ ಮಾಡಿದ ಅಂಕಪಟ್ಟಿಯಿಂದ ಅಂಕ ಎತ್ತಿಕೊಳ್ಳುವುದು ಇವೆಲ್ಲ ಹೆಚ್ಚು ಚರ್ಚೆಯಿಲ್ಲದೆ ಯಂತ್ರಕ್ಕೆ ಹೋಗಿವೆ.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಊರು ಒಪ್ಪುತ್ತದೆ ಎಂದೇನಿಲ್ಲ. 2017ರಲ್ಲಿ ಬಾಸ್ಟನ್ ನಗರದ ಶಾಲಾ ಆಡಳಿತ ಬಸ್ ಮಾರ್ಗಗಳನ್ನು ಮರುವಿಂಗಡಿಸಲು ಸ್ಪರ್ಧೆ ಏರ್ಪಡಿಸಿತು. ಎಂಐಟಿಯ ಡಿಮಿಟ್ರಿಸ್ ಬರ್ಟ್‌ಸಿಮಾಸ್ ಅವರ ತಂಡದ ಕ್ರಮಾವಳಿಯಿಂದ ಸುಮಾರು 50 ಬಸ್ಸುಗಳು ರಸ್ತೆಯಿಂದ ಇಳಿದವು, ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಉಳಿಯಿತು. ಅದೇ ತಂಡ ಶಾಲೆ ಶುರುವಾಗುವ ಹೊತ್ತನ್ನೂ ಹೊಂದಿಸಿ ಕೊಟ್ಟಿತು. ದೊಡ್ಡ ಮಕ್ಕಳಿಗೆ ಹೆಚ್ಚು ನಿದ್ದೆ ಸಿಗಬೇಕು, ಬಸ್ ಖರ್ಚು ಇಳಿಯಬೇಕು ಎಂಬ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ಲೆಕ್ಕದಲ್ಲಿ ನಗರದ ಬಹುಪಾಲು ಶಾಲೆಗಳ ಸಮಯ ಬದಲಾಗಿ, ಪುಟ್ಟ ಮಕ್ಕಳನ್ನು ಬೆಳಗಿನ ಚಳಿಯಲ್ಲಿ ಹೊರಡಿಸಬೇಕಾಗಿ ಬಂತು. ತಂದೆತಾಯಿಯ ಕೆಲಸದ ಪಾಳಿ ಏರುಪೇರಾಯಿತು. ಪ್ರತಿಭಟನೆ ಜೋರಾಗಿ ಅದೇ ಡಿಸೆಂಬರಿನಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಕ್ರಮಾವಳಿ ಕೇಳಿದ್ದನ್ನೇ ಕೊಟ್ಟಿತ್ತು. ಮನೆಮಂದಿಯನ್ನು ಸಾಕಷ್ಟು ಮೊದಲೇ ಕೇಳಿರಲಿಲ್ಲ, ಅಷ್ಟೆ.

ಮೌಲ್ಯಮಾಪನದಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಯಂತ್ರ ಸಹಾಯಕ ಮಾತ್ರ. ಬರ್ಕ್‌ಲಿಯಲ್ಲಿ ಹುಟ್ಟಿದ ಗ್ರೇಡ್‌ಸ್ಕೋಪ್ ಒಂದೇ ರೀತಿಯ ಉತ್ತರಗಳನ್ನು ಒಟ್ಟುಗೂಡಿಸಿ ತೋರಿಸುತ್ತದೆ, ಅಂಕ ಕೊಡುವವರು ಅಧ್ಯಾಪಕರೇ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡಿಜಿಟಲ್ ಮೌಲ್ಯಮಾಪನದಲ್ಲೂ ಉತ್ತರಪತ್ರಿಕೆ ಸ್ಕ್ಯಾನ್ ಆಗಿ ಪರದೆಗೆ ಬರುತ್ತದೆ, ಓದುವ ಕಣ್ಣು ಮನುಷ್ಯರದ್ದೇ. ಅಲ್ಲಿ ಯಂತ್ರ ತಪ್ಪಿಸುವುದು ಬಂಡಲ್ ಸಾಗಿಸುವ ತ್ರಾಸನ್ನು ಮತ್ತು ಅಂಕ ಕೂಡಿಸುವಾಗಿನ ತಪ್ಪನ್ನು. ಇನ್ನೊಂದು ದಾರಿ ಟೆಕ್ಸಾಸ್ ರಾಜ್ಯದ್ದು. ಅಲ್ಲಿನ ಶಾಲಾ ಪರೀಕ್ಷೆಯ ಬರವಣಿಗೆ ಉತ್ತರಗಳಿಗೆ 2024ರ ವಸಂತದಲ್ಲಿ ಯಂತ್ರವೇ ಮೊದಲ ಅಂಕ ಕೊಟ್ಟಿತು. ಸುಮಾರು ಕಾಲುಭಾಗದಷ್ಟು ಉತ್ತರಗಳು ಮಾತ್ರ ಮನುಷ್ಯರ ಮರುಪರಿಶೀಲನೆಗೆ ಹೋದವು. ಹಿಂದಿನ ವರ್ಷ ಸುಮಾರು 6,000 ತಾತ್ಕಾಲಿಕ ಮೌಲ್ಯಮಾಪಕರಿದ್ದ ಜಾಗದಲ್ಲಿ 2,000ಕ್ಕಿಂತ ಕಡಿಮೆ ಜನ ಸಾಕಾದರು.

ಜಾರ್ಜಿಯಾ ಸ್ಟೇಟ್‌ನ ಪ್ರಯೋಗ

ವಿದ್ಯಾರ್ಥಿ ನೆರವಿನ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಸಂಸ್ಥೆಗಳಲ್ಲಿ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಒಂದು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಕಡಿಮೆ ಆದಾಯದ ಮನೆಗಳವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರೂ ಬಹಳ. 2003ರಲ್ಲಿ ಅಲ್ಲಿ ಪದವಿ ಮುಗಿಸುತ್ತಿದ್ದವರ ಪ್ರಮಾಣ ಶೇ. 32ರಷ್ಟು ಮಾತ್ರ, ಸುಮಾರು ಒಂದು ದಶಕದಲ್ಲಿ ಅದು ಶೇ. 54 ಮುಟ್ಟಿತು.

ಇದರಲ್ಲಿ ತಂತ್ರಾಂಶದ ಪಾಲೆಷ್ಟು? 2012ರಲ್ಲಿ ಆರಂಭವಾದ ಸಲಹಾ ವ್ಯವಸ್ಥೆ ಹಳೆಯ ವಿದ್ಯಾರ್ಥಿಗಳ ಸುಮಾರು 25 ಲಕ್ಷ ಗ್ರೇಡುಗಳನ್ನು ಜಾಲಾಡಿ, ಓದು ದಾರಿ ತಪ್ಪುತ್ತಿರುವುದರ 800ರಷ್ಟು ಲಕ್ಷಣಗಳನ್ನು ಪಟ್ಟಿಮಾಡಿತು. ಮುಖ್ಯ ವಿಷಯದ ಮೊದಲ ಪತ್ರಿಕೆಯಲ್ಲಿ ‘ಸಿ’ ಬಂದವರನ್ನು ‘ಪಾಸಾದರಲ್ಲ’ ಎಂದು ಎಲ್ಲರೂ ಸುಮ್ಮನೆ ಬಿಡುತ್ತಿದ್ದರು. ಅಂಥವರಲ್ಲಿ ಹೆಚ್ಚಿನವರು ಮುಂದೆ ಪದವಿ ಮುಗಿಸುವುದಿಲ್ಲ ಎಂಬುದು ದತ್ತಾಂಶದಿಂದ ಗೊತ್ತಾಯಿತು. ಈಗ ಅಂಥ ಗ್ರೇಡು ಬಂದ ಕೂಡಲೇ ಸಲಹೆಗಾರರಿಗೆ ಸೂಚನೆ ಹೋಗುತ್ತದೆ. ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಹೊತ್ತಿಗೆ ವಿಶ್ವವಿದ್ಯಾಲಯ 42 ಹೊಸ ಸಲಹೆಗಾರರನ್ನು ನೇಮಿಸಿಕೊಂಡಿತು. 700ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಒಬ್ಬರಿದ್ದ ಕಡೆ ಸುಮಾರು 300 ಮಂದಿಗೆ ಒಬ್ಬರಾದರು. ಎಚ್ಚರಿಕೆ ಬಂದಾಗ ವಿದ್ಯಾರ್ಥಿಯನ್ನು ಕರೆದು ಕೂರಿಸಿ ಮಾತಾಡಲು ಜನರಿದ್ದರು. ತಂತ್ರಾಂಶವನ್ನು ಕೊಂಡು ಸಲಹೆಗಾರರನ್ನು ಕೊಳ್ಳದ ಸಂಸ್ಥೆಗಳಿಗೆ ಈ ಅಂಕಿಅಂಶ ಅನ್ವಯಿಸುವುದಿಲ್ಲ.

ಎರಡನೆಯ ಹೆಜ್ಜೆ 2016ರ ಬೇಸಿಗೆಯ ‘ಪೌನ್ಸ್’ ಚಾಟ್‌ಬಾಟ್. ಸೀಟು ಒಪ್ಪಿಕೊಂಡೂ ತರಗತಿಗೆ ಬಾರದೆ ಕರಗಿಹೋಗುವವರು ಪ್ರತಿವರ್ಷ ನೂರಾರು. ಹಣಕಾಸು ನೆರವಿನ ಅರ್ಜಿ, ಲಸಿಕೆ ದಾಖಲೆ, ಸಾಲದ ಕಾಗದ, ಹೀಗೆ ಒಂದಲ್ಲ ಒಂದು ಕಡೆ ಸಿಕ್ಕಿಕೊಂಡು, ಯಾರನ್ನು ಕೇಳಬೇಕೆಂದು ತಿಳಿಯದೆ ಹಿಂದೆ ಸರಿಯುವವರು. ಪೌನ್ಸ್ ಅವರ ಮೊಬೈಲಿಗೆ ಬಾಕಿಯಿರುವ ಕೆಲಸವನ್ನು ನೆನಪಿಸುವ ಸಂದೇಶ ಕಳಿಸುತ್ತಿತ್ತು; ತಿರುಗಿ ಕೇಳಿದರೆ ಮಧ್ಯರಾತ್ರಿಯಲ್ಲೂ ಉತ್ತರಿಸುತ್ತಿತ್ತು. ಉತ್ತರಗಳನ್ನು ಸಿಬ್ಬಂದಿ ಮೊದಲೇ ಬರೆದಿಟ್ಟಿದ್ದರು. ಪ್ರಶ್ನೆಗೆ ತಕ್ಕ ಉತ್ತರ ಹುಡುಕುವುದಷ್ಟೇ ಯಂತ್ರದ ಕೆಲಸ. ತಿಳಿಯದಿದ್ದರೆ ಪ್ರಶ್ನೆ ಸಿಬ್ಬಂದಿಗೆ ಹೋಗುತ್ತಿತ್ತು. ಆ ಬೇಸಿಗೆಯಲ್ಲಿ 2 ಲಕ್ಷಕ್ಕೂ ಹೆಚ್ಚು ಸಂದೇಶಗಳು ಓಡಾಡಿದವು. ಲಿಂಡ್ಸೆ ಪೇಜ್ ಮತ್ತು ಹಂಟರ್ ಗೆಲ್‌ಬಾಕ್, ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಇದರ ಪರಿಣಾಮ ಅಳೆದರು. ಬರುತ್ತೇವೆಂದು ಒಪ್ಪಿದ್ದವರಲ್ಲಿ, ಸಂದೇಶ ಪಡೆದ ಗುಂಪಿನ ದಾಖಲಾತಿ 3.3 ಶೇಕಡಾ ಅಂಶದಷ್ಟು ಹೆಚ್ಚಿತ್ತು. ಕರಗಿಹೋಗುವವರ ಸಂಖ್ಯೆ ಶೇ. 21ರಷ್ಟು ಇಳಿದಿತ್ತು.

ಇನ್ನೊಂದು ಏರ್ಪಾಡು ಅಷ್ಟು ಸುದ್ದಿಯಾಗದಿದ್ದರೂ ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಚೆಂದ. ಪದವಿಯ ಹೊಸಿಲಲ್ಲಿದ್ದು, ಕೆಲವು ನೂರು ಡಾಲರ್ ಶುಲ್ಕ ಕಟ್ಟಲಾಗದೆ ಹೆಸರು ತೆಗೆಸಿಕೊಳ್ಳುತ್ತಿದ್ದವರನ್ನು ದಾಖಲೆಯಿಂದಲೇ ಹುಡುಕಿ, ಅರ್ಜಿ ಕೇಳದೆ, ಆ ಬಾಕಿಯನ್ನು ಅವರ ಖಾತೆಗೆ ವಿಶ್ವವಿದ್ಯಾಲಯವೇ ಜಮಾ ಮಾಡುತ್ತದೆ. ಬಡತನಕ್ಕೆ ಸಾಕ್ಷಿ ಹಿಡಿದು ಸಾಲಲ್ಲಿ ನಿಲ್ಲುವ ಪ್ರಮೇಯವೇ ಬರುವುದಿಲ್ಲ.

ಬೋಧನಾ ಸಹಾಯಕರು

ಅದೇ ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಪ್ರಾಧ್ಯಾಪಕ ಅಶೋಕ್ ಗೋಯಲ್ 2016ರಲ್ಲಿ ತಮ್ಮ ಆನ್‌ಲೈನ್ ತರಗತಿಗೆ ‘ಜಿಲ್ ವಾಟ್ಸನ್’ ಎಂಬ ಸಹಾಯಕಿಯನ್ನು ತಂದರು. ಸುಮಾರು 300 ವಿದ್ಯಾರ್ಥಿಗಳು ಒಂದು ಅವಧಿಯಲ್ಲಿ 10,000ದಷ್ಟು ಸಂದೇಶ ಬರೆಯುತ್ತಿದ್ದರು. ಹೆಚ್ಚಿನವು ಗಡುವು, ಕಡತದ ನಮೂನೆಯಂಥ ಮತ್ತೆ ಮತ್ತೆ ಬರುವ ಪ್ರಶ್ನೆಗಳು. ತನ್ನ ಉತ್ತರದ ಬಗ್ಗೆ ಶೇ. 97ರಷ್ಟು ಭರವಸೆಯಿದ್ದಾಗ ಮಾತ್ರ ಜಿಲ್ ಬಾಯಿಬಿಡುತ್ತಿದ್ದಳು. ಅವಧಿ ಮುಗಿಯುವ ಹೊತ್ತಿಗೆ ಅವಳು ತಂತ್ರಾಂಶವೆಂದು ತಿಳಿದಾಗ ಬಹಳಷ್ಟು ವಿದ್ಯಾರ್ಥಿಗಳು ಬೆರಗಾದರು. ವಿದ್ಯಾರ್ಥಿಗಳಿಗೆ ಮೊದಲೇ ಹೇಳದೆ ಹೀಗೆ ಮಾಡುವುದನ್ನು ಇಂದು ಅಷ್ಟು ಸಲೀಸಾಗಿ ಒಪ್ಪಲಾರರು.

ಕಲಿಕೆಯ ನೆರವಿನಲ್ಲಿ ಭಾರತದಿಂದ ಬಂದ ಗಟ್ಟಿ ಸಾಕ್ಷ್ಯವಿದೆ. ದೆಹಲಿಯಲ್ಲಿ ಶಾಲೆಯ ನಂತರದ ಕೇಂದ್ರಗಳಲ್ಲಿ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶ ಬಳಸಿದ ಮಕ್ಕಳನ್ನು ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂಡ್ರೊ ಗನಿಮಿಯನ್ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಮಕ್ಕಳು ಗಣನೀಯವಾಗಿ ಮುಂದೆ ಬಂದಿದ್ದರು. ಕಾರಣ ಸರಳ. ಆರನೆಯ ತರಗತಿಯಲ್ಲಿ ಕೂತ ಮಗುವಿನ ಗಣಿತ ಮೂರನೆಯ ತರಗತಿಯ ಮಟ್ಟದಲ್ಲಿದ್ದರೆ, ತಂತ್ರಾಂಶ ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಪಠ್ಯ ಮುಗಿಸಬೇಕಾದ ಶಿಕ್ಷಕರಿಗೆ ಅದು ಆಗದ ಮಾತು. ಭಾಷಾ ಮಾದರಿ ಆಧರಿಸಿದ ಖಾನ್ ಅಕಾಡೆಮಿಯ ‘ಖಾನ್‌ಮಿಗೊ’ ಮುಂತಾದವು 2023ರಿಂದ ಬಂದಿವೆ. ಉತ್ತರ ಬಿಟ್ಟುಕೊಡದೆ ಪ್ರಶ್ನೆ ಕೇಳಿ ದಾರಿಗೆ ತರುವುದು ಇವುಗಳ ಗುರಿ.

ಮುನ್ನೆಚ್ಚರಿಕೆ ಪಟ್ಟಿಗಳು

ಶಾಲೆ ಬಿಡಬಹುದಾದವರನ್ನು ಮೊದಲೇ ಗುರುತಿಸುವ ವ್ಯವಸ್ಥೆಗಳ ದಾಖಲೆ ಅಷ್ಟು ಉಜ್ವಲವಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ‘ಕೋರ್ಸ್ ಸಿಗ್ನಲ್ಸ್’ ವಿದ್ಯಾರ್ಥಿಗಳಿಗೆ ಕೆಂಪು, ಹಳದಿ, ಹಸಿರು ದೀಪ ತೋರಿಸುತ್ತಿತ್ತು. ಅದರಿಂದ ಓದು ಮುಂದುವರಿಸುವವರು ಬಹಳ ಹೆಚ್ಚಿದರು ಎಂಬ ಹೆಗ್ಗಳಿಕೆಯನ್ನು 2013ರಲ್ಲಿ ವಿಮರ್ಶಕರು ಬಿಚ್ಚಿನೋಡಿದರು. ಹೆಚ್ಚು ಕಾಲ ಉಳಿದ ವಿದ್ಯಾರ್ಥಿಗಳೇ ಸಹಜವಾಗಿ ಹೆಚ್ಚು ಕೋರ್ಸುಗಳಲ್ಲಿ ಆ ದೀಪ ಕಂಡಿದ್ದರು; ಫಲವನ್ನೇ ಕಾರಣವೆಂದು ಎಣಿಸಲಾಗಿತ್ತು.

ವಿಸ್ಕಾನ್ಸಿನ್ ರಾಜ್ಯ 2012ರಿಂದ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಪಾಯದ ಅಂಕ ಕೊಡುತ್ತ ಬಂದಿತು. ಸಮಯಕ್ಕೆ ಪ್ರೌಢಶಾಲೆ ಮುಗಿಸಲಾರರು ಎಂದು ಅದು ಹೇಳಿದ ಮಕ್ಕಳ ವಿಷಯದಲ್ಲಿ ಮುಕ್ಕಾಲು ಪಾಲಿನಷ್ಟು ಸಲ ತಪ್ಪಾಗಿತ್ತು, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಮೇಲೆ ಸುಳ್ಳು ಎಚ್ಚರಿಕೆ ಹೆಚ್ಚು ಬಿದ್ದಿತ್ತು ಎಂದು 2023ರಲ್ಲಿ ‘ದಿ ಮಾರ್ಕಪ್’ ಸುದ್ದಿಸಂಸ್ಥೆ ವರದಿ ಮಾಡಿತು. ಅದೇ ವರ್ಷ ಹೊರಬಂದ ಸಂಶೋಧನೆಯೊಂದು ಇನ್ನೂ ಆಳಕ್ಕೆ ಹೋಯಿತು. ಯಾರು ಹೆಚ್ಚು ಅಪಾಯದಲ್ಲಿದ್ದಾರೆಂಬ ಸಾಲನ್ನು ಯಂತ್ರ ಬಹುಮಟ್ಟಿಗೆ ಸರಿಯಾಗಿಯೇ ಜೋಡಿಸುತ್ತಿತ್ತು, ಆದರೂ ಪ್ರೌಢಶಾಲೆ ಮುಗಿಸುವವರ ಪ್ರಮಾಣ ಅದರಿಂದ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಮಗುವಿನ ಹಣೆಬರಹ ಬಹುಪಾಲು ಅದು ಓದುವ ಶಾಲೆ, ಇರುವ ಊರಿನ ಸ್ಥಿತಿಯಲ್ಲೇ ಇತ್ತು. ಅದನ್ನು ತಿಳಿಯಲು ಒಂದೊಂದು ಮಗುವಿಗೆ ಅಂಕ ಕೊಡಬೇಕಾದ್ದೇ ಇರಲಿಲ್ಲ.

ಆಂಧ್ರಪ್ರದೇಶ ಸರ್ಕಾರ ಮೈಕ್ರೋಸಾಫ್ಟ್ ಜೊತೆಗೂಡಿ ಇಂಥದೇ ವ್ಯವಸ್ಥೆ ನಡೆಸಿ, ವಿಶಾಖಪಟ್ಟಣ ಜಿಲ್ಲೆಯೊಂದರಲ್ಲೇ ಶಾಲೆ ಬಿಡಬಹುದಾದ ಸುಮಾರು 19,500 ಮಕ್ಕಳನ್ನು ಗುರುತಿಸಿತ್ತು. ನಮ್ಮಲ್ಲಿ ಕಲ್ಯಾಣ ಕರ್ನಾಟಕದ ಹಳ್ಳಿಯ ಮುಖ್ಯೋಪಾಧ್ಯಾಯರಿಗೆ ಯಾವ ಮನೆಯವರು ಕಬ್ಬು ಕಡಿಯಲು ಗಡಿ ದಾಟುತ್ತಾರೆ, ಯಾರು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೊರಡುತ್ತಾರೆ ಎಂಬುದು ಯಂತ್ರವಿಲ್ಲದೆಯೇ ಗೊತ್ತಿರುತ್ತದೆ. ಅವರಿಗೆ ಬೇಕಾದ್ದು ಋತುಮಾನದ ವಸತಿನಿಲಯ. ಪಟ್ಟಿ ಅವರ ಬಾಯಲ್ಲೇ ಇದೆ.

ಎಡವಿದ ಕಡೆಗಳು

ಕೋವಿಡ್‌ನಿಂದ ಪರೀಕ್ಷೆ ರದ್ದಾದಾಗ ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್, ಶಾಲಾಂತ್ಯದ ಎ-ಲೆವೆಲ್ ಪರೀಕ್ಷೆಯ ಗ್ರೇಡುಗಳನ್ನು ಸೂತ್ರದಿಂದ ತೀರ್ಮಾನಿಸಿತು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ಅದರಲ್ಲಿ ಹೆಚ್ಚು ತೂಕ. 2020ರ ಆಗಸ್ಟ್ 13ರಂದು ಫಲಿತಾಂಶ ಬಂದಾಗ, ಶಿಕ್ಷಕರು ಅಂದಾಜಿಸಿದ್ದ ಗ್ರೇಡುಗಳಲ್ಲಿ ಸುಮಾರು ಶೇ. 40ರಷ್ಟು ಕೆಳಗಿಳಿದಿದ್ದವು. ತೀರಾ ಚಿಕ್ಕ ತರಗತಿಗಳಲ್ಲಿ ಶಿಕ್ಷಕರ ಅಂದಾಜನ್ನೇ ಉಳಿಸಿಕೊಂಡದ್ದರಿಂದ ಖಾಸಗಿ ಶಾಲೆಗಳಿಗೆ ಅನುಕೂಲವಾಯಿತು. ಹಿಂದುಳಿದ ಶಾಲೆಯ ಜಾಣ ಹುಡುಗಿಗೆ ಅವಳ ಹಿರಿಯರ ಅಂಕವೇ ಅಡ್ಡ ಬಂತು. ವಿದ್ಯಾರ್ಥಿಗಳು ಬೀದಿಗಿಳಿದರು, ನಾಲ್ಕೇ ದಿನಕ್ಕೆ ಸರ್ಕಾರ ಹಿಂದೆ ಸರಿದು ಶಿಕ್ಷಕರ ಗ್ರೇಡನ್ನೇ ಒಪ್ಪಿತು. ಇಲ್ಲಿ ಬಳಸಿದ್ದು ಆಳವಾದ ಕೃತಕ ಬುದ್ಧಿಮತ್ತೆಯೇನಲ್ಲ, ಸಾಮಾನ್ಯ ಸಂಖ್ಯಾಶಾಸ್ತ್ರ.

ಲಾಸ್ ಏಂಜಲೀಸ್ ಶಾಲಾ ಆಡಳಿತ 2024ರ ಮಾರ್ಚಿನಲ್ಲಿ ‘ಎಡ್’ ಎಂಬ ಚಾಟ್‌ಬಾಟನ್ನು ಸಡಗರದಿಂದ ಬಿಡುಗಡೆ ಮಾಡಿತು. ಒಪ್ಪಂದದ ಮೊತ್ತ 60 ಲಕ್ಷ ಡಾಲರ್‌ವರೆಗೆ. ಕೆಲವೇ ತಿಂಗಳಲ್ಲಿ ಅದನ್ನು ಕಟ್ಟಿಕೊಟ್ಟ ಕಂಪನಿ ಕುಸಿಯಿತು, ಚಾಟ್‌ಬಾಟ್ ಬಂದ್ ಆಯಿತು. ಅದಕ್ಕೆ ಒಪ್ಪಿಸಿದ್ದ ಮಕ್ಕಳ ದತ್ತಾಂಶ ಎಷ್ಟು ಭದ್ರವಾಗಿತ್ತೆಂಬ ಪ್ರಶ್ನೆಯೂ ಆಗ ಎದ್ದಿತು.

ಯಂತ್ರ ಬರೆದ ಪ್ರಬಂಧವನ್ನು ಯಂತ್ರದಿಂದಲೇ ಹಿಡಿಯುವ ಯತ್ನವೂ ಕೈಕೊಟ್ಟಿದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್‌ಗಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪತ್ತೆ ತಂತ್ರಾಂಶಗಳು ಯಂತ್ರದ್ದೆಂದು ತಪ್ಪಾಗಿ ಹೇಳಿದವು ಎಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ತೋರಿಸಿದರು. ಸರಳ ಪದ, ಸರಳ ವಾಕ್ಯವೇ ಅವರ ಅಪರಾಧ. ಅದೇ ವರ್ಷ ಓಪನ್‌ಎಐ ತನ್ನ ಪತ್ತೆ ಸಾಧನವನ್ನು ಹಿಂತೆಗೆದುಕೊಂಡಿತು. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಟರ್ನಿಟಿನ್‌ನ ಅಂಥದೇ ಪತ್ತೆ ಸೌಲಭ್ಯವನ್ನು ಬಂದ್ ಮಾಡಿತು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪ್ರಬಂಧ ಸಲ್ಲಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳ ಮಾರ್ಗದರ್ಶಕರು ಇದನ್ನು ಗಮನಿಸಬೇಕು.

ಕಾನೂನು

ಸ್ವೀಡನ್ನಿನ ಶೆಲೆಫ್ಟಿಯೊ ಪಟ್ಟಣದ ಪ್ರೌಢಶಾಲೆಯೊಂದು 22 ವಿದ್ಯಾರ್ಥಿಗಳ ಹಾಜರಾತಿಯನ್ನು ಮುಖ ಗುರುತಿಸಿ ತೆಗೆದುಕೊಂಡಿತು. ಒಪ್ಪಿಗೆ ಪಡೆಯಲಾಗಿತ್ತು. ಆದರೂ ಶಾಲೆಯ ಅಧೀನದಲ್ಲಿರುವವರ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ ಎಂದು ಹೇಳಿ ದತ್ತಾಂಶ ಪ್ರಾಧಿಕಾರ 2019ರಲ್ಲಿ 2 ಲಕ್ಷ ಕ್ರೋನರ್ ದಂಡ ಹಾಕಿತು. 2024ರ ಆಗಸ್ಟಿನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕಾಯ್ದೆ, ಪ್ರವೇಶ, ಮೌಲ್ಯಮಾಪನ, ಪರೀಕ್ಷಾ ಕಣ್ಗಾವಲಿನ ಕೃತಕ ಬುದ್ಧಿಮತ್ತೆಯನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ತರಗತಿಯಲ್ಲಿ ಮುಖಭಾವದಿಂದ ಮನಸ್ಸು ಓದುವ ಯಂತ್ರಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು, ನಿಷೇಧಿಸಿದೆ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರ ದತ್ತಾಂಶ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅದು ತಡೆಯುತ್ತದೆ. ಆದರೆ ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ವಿನಾಯಿತಿಯಿದೆ.

ಕರ್ನಾಟಕ ಮತ್ತು ಕನ್ನಡ

ರಾಜ್ಯದಲ್ಲಿ ಮಕ್ಕಳ ದಾಖಲೆಯ ಬೆನ್ನೆಲುಬು ಎಸ್‌ಎಟಿಎಸ್ ತಂತ್ರಾಂಶ. ಒಂದನೆಯ ತರಗತಿಯಿಂದ ಮಗುವಿನ ಜೊತೆ ಸಾಗುವ ಸಂಖ್ಯೆ ಅದರದ್ದು. ವರ್ಗಾವಣೆಯಿಂದ ಪರೀಕ್ಷಾ ನೋಂದಣಿವರೆಗೆ ಅದೇ ಆಧಾರ. ಆದರೆ ಅದಕ್ಕೆ ದತ್ತಾಂಶ ತುಂಬುವವರು ಹೆಚ್ಚಿನ ಕಡೆ ಶಿಕ್ಷಕರೇ. ಗುಮಾಸ್ತರಿಲ್ಲದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ನಿಲ್ಲಿಸಿ ಮೊಬೈಲು ಹಿಡಿಯುವುದೂ ಉಂಟು. ಸ್ವಯಂಚಾಲನೆ ಕೆಲಸ ಉಳಿಸುವ ಬದಲು ಮೇಲಿನ ಕಚೇರಿಯ ಕೆಲಸವನ್ನು ಕೆಳಕ್ಕೆ ದೂಡುವುದೂ ಹೀಗೆಯೇ. ಮುಖ ಗುರುತಿಸಿ ಹಾಜರಾತಿ ಪಡೆಯುವ ಪ್ರಸ್ತಾಪ 2025ರಲ್ಲಿ ಬಂದಾಗ ಮಕ್ಕಳ ಖಾಸಗಿತನದ ಬಗ್ಗೆ ಆಕ್ಷೇಪ ಎದ್ದಿತು.

ಶಿಕ್ಷಕರ ಹೊರೆ ಇಳಿಸುವ ದಿಕ್ಕಿನಲ್ಲಿ ಹೆಸರಿಸಬೇಕಾದ ಪ್ರಯತ್ನ ‘ಶಿಕ್ಷಾ ಕೋಪೈಲಟ್’. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಕೂಡಿ 2023ರಲ್ಲಿ ಬೆಂಗಳೂರು ಸುತ್ತಿನ 30 ಸರ್ಕಾರಿ ಶಾಲೆಗಳಲ್ಲಿ ಇದನ್ನು ಆರಂಭಿಸಿದವು. ರಾಜ್ಯದ ಪಠ್ಯಪುಸ್ತಕವನ್ನೇ ಆಧಾರವಾಗಿಟ್ಟುಕೊಂಡು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಠಯೋಜನೆ, ಚಟುವಟಿಕೆ, ಪ್ರಶ್ನೆಗಳನ್ನು ಅದು ಒದಗಿಸುತ್ತದೆ. ಗಂಟೆಗೂ ಮೀರಿ ಹಿಡಿಯುತ್ತಿದ್ದ ಪಾಠಯೋಜನೆ ಒಂದೆರಡು ನಿಮಿಷಕ್ಕೆ ಇಳಿಯಿತು. ನಂತರ ಸಾವಿರಕ್ಕೂ ಹೆಚ್ಚು ಶಿಕ್ಷಕರು ಇದನ್ನು ಬಳಸಿದರು. ಕನ್ನಡದ ಪಾಠಯೋಜನೆಗಳನ್ನು ವಿಷಯತಜ್ಞರು ಓದಿ ತಿದ್ದಬೇಕಾಯಿತು ಎಂಬುದೂ ಈ ಪ್ರಯೋಗದ ಭಾಗವೇ.

ಕನ್ನಡದ ತೊಡಕುಗಳಿಗೆ ಗೊತ್ತಿರುವ ಕಾರಣಗಳಿವೆ. ಜಾಲದಲ್ಲಿ ಕನ್ನಡ ಪಠ್ಯ ಇಂಗ್ಲಿಷಿಗೆ ಹೋಲಿಸಿದರೆ ಅತ್ಯಲ್ಪ. ಭಾಷಾ ಮಾದರಿಗಳು ಪದವನ್ನು ತುಣುಕು ಮಾಡಿ ಓದುತ್ತವೆ. ಪ್ರತ್ಯಯ ಕೂಡಿ ಉದ್ದವಾಗುವ, ಒತ್ತಕ್ಷರ ಹೊತ್ತ ಕನ್ನಡ ಪದಗಳು ಹೆಚ್ಚು ತುಣುಕಾಗುವುದರಿಂದ ಅದೇ ಉತ್ತರಕ್ಕೆ ಖರ್ಚೂ ಹೆಚ್ಚು. ಕೇಂದ್ರ ಸರ್ಕಾರದ ‘ಭಾಷಿಣಿ’ ಮತ್ತು ಐಐಟಿ ಮದ್ರಾಸಿನ ‘ಎಐ4ಭಾರತ್’ ಕನ್ನಡಕ್ಕೂ ಮಾತು ಗುರುತಿಸುವ, ಅನುವಾದಿಸುವ ಸಾಧನಗಳನ್ನು ಕಟ್ಟಿವೆ. ಎಐಸಿಟಿಇಯ ‘ಅನುವಾದಿನಿ’ ಎಂಜಿನಿಯರಿಂಗ್ ಪಠ್ಯಗಳ ಮೊದಲ ಕರಡು ಕೊಡುತ್ತದೆ. ಶಿಷ್ಟ ಕನ್ನಡ ಅರಿಯುವ ಚಾಟ್‌ಬಾಟಿಗೆ ಧಾರವಾಡದ ತಾಯಿ ‘ಹುಡುಗನ ಸ್ಕಾಲರ್‌ಶಿಪ್ ಯಾಕ್ ಬಂದಿಲ್ರಿ’ ಎಂದು ಕೇಳಿದಾಗಲೂ, ಮಂಗಳೂರಿನ ಅಪ್ಪ ‘ಮಗಳದ್ದು ಹಾಲ್ ಟಿಕೆಟ್ ಬರಲಿಲ್ಲ ಮಾರಾಯ್ರೆ’ ಎಂದಾಗಲೂ ತಿಳಿಯಬೇಕು. ಇದಕ್ಕೆ ಬೇಕಾದ ಧ್ವನಿ ಸಂಗ್ರಹವನ್ನು ಜಿಲ್ಲೆ ಜಿಲ್ಲೆಗಳಿಂದ ಕೂಡಿಹಾಕುವ ಕೆಲಸ ಇನ್ನೂ ನಡೆಯುತ್ತಿದೆ.